ಮುದ್ದಯ್ಯನ ಹೊಟ್ಟೆನೋವು ಹೊತ್ತ ದಿನ

ನಮ್ಮೂರ ಡಾಕ್ಟರುಗಳಿಗೆ ಕಲಿಸಿದ ಪಾಠ ತಲೆಗೆ ಹತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದವಳು ನಾನು. ನಗಬೇಡಿ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಮಧ್ಯಾಹ್ನದವರೆಗೆ. ಆದರೆ ಈ ಊರಿನಲ್ಲಿ ಡಾಕ್ಟರ ಮುಂದೆ ನನ್ನಷ್ಟು ಸಲ ಮಲಗಿದವರು ಇನ್ನೊಬ್ಬರಿಲ್ಲ. ಮೂವತ್ತು ವರ್ಷದಲ್ಲಿ ಒಂದು ಲಕ್ಷ ಸಲ ಮಲಗಿದ್ದೇನೆ. ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಬೇಕಾದವರು ಕೂತು ಎಣಿಸಿಕೊಳ್ಳಲಿ.

ನನ್ನ ಹೆಸರು ದ್ಯಾವೀರಮ್ಮ. ಕಸುಬು ನೋವು ಹೊರುವುದು. ನಮ್ಮೂರಿನಲ್ಲಿ ನೋವಿದ್ದವರು ಹೆಬ್ಬೆರಳು ಮುಂದೆ ಮಾಡಿ ‘ತಗೋ’ ಅನ್ನುತ್ತಾರೆ. ಎದುರಿನವರು ತಮ್ಮ ಹೆಬ್ಬೆರಳನ್ನು ಅದಕ್ಕೆ ಒತ್ತಿ ‘ತಾ’ ಅಂದರೆ ಮುಗಿಯಿತು, ನೋವು ಇತ್ತ ಬಂತು. ರೋಗ ಇದ್ದಲ್ಲೇ ಇರುತ್ತದೆ, ನೋವು ಮಾತ್ರ ಬರುತ್ತದೆ. ಬಟ್ಟೆ ಹೊಲಿಯುವವನಿಗೆ ಹಲ್ಲುನೋವು ಬಂದರೆ ಅವನು ಅಂಗಡಿ ಮುಚ್ಚಿ ಆಸ್ಪತ್ರೆಯ ಸಾಲಿನಲ್ಲಿ ಯಾಕೆ ನಿಲ್ಲಬೇಕು? ನನಗೆ ಕೊಡುತ್ತಾನೆ. ನಾನು ಸಾಲಿನಲ್ಲಿ ನಿಂತು, ಡಾಕ್ಟರ ಮುಂದೆ ಬಾಯಿ ಕಳೆದು, ಗುಳಿಗೆ ಇಸಿದುಕೊಂಡು ಬಂದು, ಗುಳಿಗೆಯನ್ನೂ ನೋವನ್ನೂ ಅವನಿಗೆ ಒಪ್ಪಿಸುತ್ತೇನೆ. ಗಂಡ ಹೋದ ಮೇಲೆ ಹಿಡಿದ ಕೆಲಸ ಇದು. ಅವನಿದ್ದಾಗ ಬೇರೆಯವರ ನೋವಿಗೆ ಮೈಯಲ್ಲಿ ಜಾಗವೇ ಇರಲಿಲ್ಲ.

ಡಾಕ್ಟರುಗಳ ವಿಷಯ ಹೇಳುತ್ತೇನೆ ಕೇಳಿ. ಆ ಹೊಲಿಗೆಯವನ ಹಲ್ಲುನೋವು ಹೊತ್ತುಕೊಂಡು ಹೋದಾಗ ನನ್ನ ಬಾಯಲ್ಲಿ ಆ ಕಡೆ ಹಲ್ಲೇ ಇರಲಿಲ್ಲ. ಡಾಕ್ಟರು ಬೋಳು ವಸಡಿಗೆ ಟಾರ್ಚು ಬಿಟ್ಟು, “ಹೂಂ, ಹಲ್ಲು ಹುಳುಕಾಗಿದೆ” ಎಂದು ಚೀಟಿ ಬರೆದರು. ಇನ್ನೊಂದು ಸಲ ಬಸುರಿಯೊಬ್ಬಳ ಸೊಂಟನೋವು ಹೊತ್ತಿದ್ದೆ. ಅರವತ್ತೈದು ವರ್ಷದ ನನಗೆ ಹೆರಿಗೆ ವಾರ್ಡಿನಲ್ಲಿ ಮಂಚ ಕೊಟ್ಟರು. ಮಂಚ ಚೆನ್ನಾಗಿತ್ತು, ಎರಡು ದಿನ ಇದ್ದು ಬಂದೆ.

ನಗುವ ಮಾತಲ್ಲ ಎಂದು ಗೊತ್ತಾಗಿದ್ದು ಆಮೇಲೆ. ನಮ್ಮೂರಿನಲ್ಲಿ ವರ್ಷಕ್ಕೆ ನಾಲ್ಕೈದು ಜನ ಒಂದು ಚೂರೂ ನೋವಿಲ್ಲದೆ, ಮಾತಾಡುತ್ತಾ, ಉಣ್ಣುತ್ತಾ, ಹಾಗೆಯೇ ವಾಲಿಕೊಂಡು ಸಾಯುತ್ತಿದ್ದರು. ಪುಣ್ಯದ ಸಾವು ಅನ್ನುತ್ತಿದ್ದೆವು. ಅವರ ನೋವು ಆ ಹೊತ್ತಿನಲ್ಲಿ ನನ್ನಂಥ ಯಾವಳೋ ಒಬ್ಬಳ ಮೈಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿತ್ತು.

ಹೀಗಿರುವಾಗ ರಾಜಧಾನಿಯಿಂದ ಡಾಕ್ಟರುಗಳಿಗೆ ತರಬೇತಿ ಬಂತು. ಐದು ದಿನ, ಫ್ಯಾನು ತಿರುಗುವ ಹಾಲಿನಲ್ಲಿ. ಐದೂ ದಿನ ಅವರು ಹೇಳಿಕೊಟ್ಟದ್ದು ಒಂದೇ ವಿಷಯ: ಮೈ ಮುಟ್ಟುವ ಮೊದಲು ‘ಇದು ಯಾರ ನೋವು’ ಎಂದು ಕೇಳಿ, ನೋವಿನ ಯಜಮಾನರನ್ನು ಕರೆಸಿ, ಅವರ ಮೈ ನೋಡಿ. ಕೊನೆಯ ದಿನ ಪರೀಕ್ಷೆ. ನಮ್ಮ ಹನ್ನೊಂದು ಡಾಕ್ಟರುಗಳಲ್ಲಿ ಹತ್ತು ಜನ ಪಾಸು. ದೊಡ್ಡ ಡಾಕ್ಟರು ಪದ್ಮಾಕರ ಅವರಿಗೆ ನೂರಕ್ಕೆ ನೂರು. ನಪಾಸಾದದ್ದು ಒಬ್ಬರೇ, ಹೊಸದಾಗಿ ಬಂದಿದ್ದ ಶಾಹಿದಾ ಡಾಕ್ಟರು. ಪಾಪ, ಒಂದೊಂದು ಪ್ರಶ್ನೆಯನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡುತ್ತಾ ಕೂತು, ಅರ್ಧ ಬರೆಯುವುದರೊಳಗೆ ಗಂಟೆ ಹೊಡೆಯಿತಂತೆ. ಪರೀಕ್ಷೆಯ ಜೊತೆಗೆ ಇನ್ನೊಂದು ಕಾಗದ ಕೊಟ್ಟಿದ್ದರು. ಪಾಠ ಹೇಗಿತ್ತು, ಊಟ ಹೇಗಿತ್ತು, ಕುರ್ಚಿ ಹೇಗಿತ್ತು. ಹನ್ನೊಂದು ಜನವೂ ‘ಬಹಳ ಚೆನ್ನಾಗಿತ್ತು’ ಎಂದು ಬರೆದರು. ಅಡುಗೆ ಮಾಡಿದ್ದು ನನ್ನ ಮೈದುನ ಮುದ್ದಯ್ಯ, ಹಾಗಾಗಿ ಆ ಒಂದು ಮಾತು ಸುಳ್ಳಿರಲಿಕ್ಕಿಲ್ಲ.

ಮೂರು ತಿಂಗಳು ಕಳೆದ ಮೇಲೆ, ತರಬೇತಿಯಿಂದ ಏನು ಪ್ರಯೋಜನವಾಯಿತು ಎಂದು ತೂಕ ಹಾಕಲು ರಾಜಧಾನಿಯಿಂದ ಸುಕನ್ಯಾ ಮೇಡಂ ಬಂದರು. ಬಂದವರು ಆಸ್ಪತ್ರೆಗೆ ಹೋಗದೆ ಮೊದಲು ನನ್ನ ಮನೆಗೆ ಬಂದರು.

“ಅಜ್ಜಿ, ಕಾಗದದಲ್ಲಿ ಒಬ್ಬರು ಬಿಟ್ಟು ಎಲ್ಲರೂ ಪಾಸು,” ಅಂದರು.

“ಹಂಗಾದ್ರೆ ಸಕ್ಕರೆ ಹಂಚವ್ವ. ನನ್ನತ್ರ ಯಾಕ್ ಬಂದೆ?”

“ಹಾಲಲ್ಲಿ ಕೂತು ಬರೆಯೋದು ಬೇರೆ. ಹೊರಗೆ ನಲವತ್ತು ಜನ ಸಾಲು ನಿಂತಿರುವಾಗ ಕೇಳ್ತಾರಾ ಅಂತ ನೋಡ್ಬೇಕು. ನೀವು ಯಾರದಾದ್ರೂ ನಿಜವಾದ ನೋವು ತಗೊಂಡು ಹೋಗಿ. ಯಾರ ನೋವು ಅಂತ ಕೇಳಿದ್ರೆ ಮಾತ್ರ ಹೇಳಿ. ಕೇಳ್ದೆ ನೀವಾಗೇ ಬಾಯಿ ಬಿಡಬಾರದು.”

“ನಾನು ಬಾಯಿ ಬಿಡದೆ ಇರೋದಾ? ಅದಕ್ಕಿಂತ ಬೆಟ್ಟ ಹೊತ್ಕೊಂಡ್ ಬಾ ಅನ್ನು, ಹೊತ್ಕೊಂಡ್ ಬತ್ತೀನಿ,” ಅಂದೆ. ಆದರೂ ಒಪ್ಪಿಕೊಂಡೆ. ಇಷ್ಟು ವರ್ಷ ಅವರು ನನ್ನನ್ನು ನೋಡಿದ್ದರು, ಒಂದು ದಿನ ನಾನು ಅವರನ್ನು ನೋಡುವುದು ಅಂದರೆ ಸುಮ್ಮನೆಯೇ?

ಹೂವಿನವಳ ಮಂಡಿನೋವು ತೆಗೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವಳದು ಪಾಪದ ನೋವು, ಎರಡು ಸಲ ಅಯ್ಯೋ ಅಂದರೆ ಮುಗಿದುಹೋಗುತ್ತದೆ. ಆ ದಿನ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಮುದ್ದಯ್ಯ ಒಲೆ ಹೂಡಿದ್ದ. ತರಬೇತಿ ಸಫಲವಾಯಿತೆಂದು ಮಧ್ಯಾಹ್ನ ಸಮಾರಂಭ, ಇನ್ನೂರು ಎಲೆ ಊಟ. ತೂಕ ಹಾಕುವ ಮೊದಲೇ ಸಫಲವಾಗಿತ್ತು, ಅಷ್ಟು ಚುರುಕು ನಮ್ಮವರು.

ಮುದ್ದಯ್ಯ ನನಗೆ ಮೈದುನ ಅಂದೆನಲ್ಲ, ನಾನು ಈ ಮನೆಗೆ ಬಂದಾಗ ಅವನಿಗೆ ನಾಲ್ಕು ವರ್ಷ. ಅತ್ತೆ ಸತ್ತು ತಿಂಗಳಾಗಿತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಈಗ ಅವನನ್ನು ಹೊರಬೇಕಾದರೆ ಎರಡು ಜೊತೆ ಎತ್ತು ಬೇಕು. ಮದುವೆಯಾಗಲಿಲ್ಲ, ಸೌಟನ್ನೇ ಕಟ್ಟಿಕೊಂಡಿದ್ದಾನೆ. ನನ್ನವರು ಅಂತ ಉಳಿದಿರುವುದು ಅವನೊಬ್ಬನೇ. ಅವನಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸ. ಬಿದ್ದು ಮಂಡಿ ತರಚಿದರೂ ಸರಿ, ಒಲೆ ಕೈ ಸುಟ್ಟರೂ ಸರಿ, ಓಡಿ ಬಂದು ಹೆಬ್ಬೆರಳು ಚಾಚುವುದು. ಐವತ್ತೆರಡು ವರ್ಷ ತುಂಬಿದರೂ ಆ ಗಂಡಸು ತನ್ನ ಒಂದು ನೋವನ್ನೂ ಊಟದ ಹೊತ್ತಿನವರೆಗೆ ಇಟ್ಟುಕೊಂಡವನಲ್ಲ.

“ಅತ್ಗೆ, ರಾತ್ರಿಯಿಂದ ಹೊಟ್ಟೆ ಹಿಂಡ್ತಾ ಐತೆ,” ಅಂದ.

“ಒಬ್ಬಟ್ಟು ಎಷ್ಟು ತಿಂದೆ?”

“ರುಚಿ ನೋಡೋಕೆ ಎರಡು.”

“ಎರಡು ಡಜನ್ನಾ?”

“ನಗಿಸ್ಬೇಡ ಕಣತ್ಗೆ, ನಕ್ರೆ ಇನ್ನೂ ನೋಯ್ತದೆ. ಇದನ್ನ ಇಟ್ಕೊಂಡು ಬಗ್ಗಿ ಹುಳಿ ತಿರುವೋಕಾಗಾಕಿಲ್ಲ. ಇನ್ನೂರೆಲೆ ಎದ್ದೋಗ್ಲಿ, ಆಮೇಲೆ ವಾಪಸ್ ಕೊಡು. ತಗೋ.”

ನನ್ನ ಬುದ್ಧಿ ನೋಡಿ. ಮಂಡಿನೋವಿಗಿಂತ ಇದು ದೊಡ್ಡ ನೋವು, ಡಾಕ್ಟರ ಮುಂದೆ ಚೆನ್ನಾಗಿ ಕಾಣುತ್ತದೆ ಎಂದು ಆಸೆಯಾಯಿತು. ಎಲ್ಲಿ, ಯಾವಾಗಿನಿಂದ, ವಾಂತಿ ಬಂತೇ, ಜ್ವರವಿದೆಯೇ, ಒಂದು ಮಾತೂ ಕೇಳಲಿಲ್ಲ. ಹೆಬ್ಬೆರಳು ಒತ್ತಿ “ತಾ” ಅಂದೆ. ಹೊಕ್ಕುಳ ಸುತ್ತ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಮುದ್ದಯ್ಯ ಸಿಳ್ಳೆ ಹಾಕುತ್ತಾ ಒಲೆಗೆ ಸೌದೆ ನೂಕಿದ.

ಆಸ್ಪತ್ರೆಯ ಸಾಲಿನಲ್ಲಿ ನಿಂತೆ. ಸುಕನ್ಯಾ ಮೇಡಂ ತಲೆಯ ಮೇಲೆ ಸೆರಗು ಎಳೆದುಕೊಂಡು ಮೂಲೆಯ ಬೆಂಚಿನಲ್ಲಿ ಯಾರದೋ ಅತ್ತೆಯ ಹಾಗೆ ಕೂತಿದ್ದರು. ಮೊದಲನೆಯವರು ದಪ್ಪ ಕನ್ನಡಕದ ಡಾಕ್ಟರು. ತಲೆ ಎತ್ತದೆ, “ಏನಜ್ಜಿ?” ಅಂದರು.

“ಹೊಟ್ಟೇಲಿ ಏಳು ಹೆಬ್ಬಾವು ಹೊರಳಾಡ್ತಾ ಅವೆ.”

“ಗ್ಯಾಸು,” ಎಂದು ಬರೆದರು. ಆ ಗುಳಿಗೆ ಬಾಯಲ್ಲಿ ಹಾಕಿಕೊಂಡು ಮತ್ತೆ ಸಾಲಿಗೆ ಸೇರಿದೆ. ಎರಡನೆಯವರು ನನ್ನ ಹೊಟ್ಟೆ ಒತ್ತಿದರು. ನನ್ನ ಹೊಟ್ಟೆ ಖಾಲಿ ಚೀಲ, ಒತ್ತಿದರೆ ಬೆನ್ನು ಸಿಗುತ್ತದೆ, ಅದರಲ್ಲಿ ಏನು ಕಾಣುತ್ತದೆ? “ವಯಸ್ಸಾಯ್ತು,” ಅಂದರು. ಅದನ್ನು ಹೇಳಲು ತರಬೇತಿ ಬೇಡ. ಅಷ್ಟರಲ್ಲಿ ನೋವು ಹೊಕ್ಕುಳಿನಿಂದ ಜರುಗಿ ಕೆಳಗೆ, ಬಲಗಡೆಗೆ ಇಳಿದು, ಅಲ್ಲಿ ಗೂಟ ಹೊಡೆದುಕೊಂಡು ಕೂತಿತು. ಈ ಸಲ ನಿಜಕ್ಕೂ ಕಣ್ಣು ಕತ್ತಲೆ ಬಂತು. ಪದ್ಮಾಕರ ಡಾಕ್ಟರ ಮಂಚಕ್ಕೆ ಇಬ್ಬರು ಹಿಡಿದು ಮಲಗಿಸಿದರು.

ಅವರೂ ನನ್ನ ಮೈಯನ್ನೇ ನೋಡಿದರು. ನಾಡಿ ಹಿಡಿದರು, ನಾಲಿಗೆ ನೋಡಿದರು, ಕೇಳಬೇಕಾದ ಒಂದು ಪ್ರಶ್ನೆ ಬಿಟ್ಟು ನೂರು ಕೇಳಿದರು. ನಾನಾಗಿಯೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೇಡಂಗೆ ಮಾತು ಕೊಟ್ಟಿದ್ದೆ ಎಂದು ಈಗ ಅನ್ನಬಹುದು, ಆದರೆ ಒಳಗೊಳಗೇ ಮಜ ಬರುತ್ತಿತ್ತು. ನೂರಕ್ಕೆ ನೂರು ತೆಗೆದವರು ಮೊದಲನೇ ಪ್ರಶ್ನೆಗೇ ನಪಾಸಾಗುವುದನ್ನು ಮಲಗಿಕೊಂಡು ನೋಡುವ ಭಾಗ್ಯ ಎಷ್ಟು ಜನಕ್ಕುಂಟು? ಅವರು ಒಂದು ಇಂಜೆಕ್ಷನ್ ಚುಚ್ಚಿದರು. ಕಾಲು ಗಂಟೆ ಆಗಿರಬೇಕು. ಇದ್ದಕ್ಕಿದ್ದ ಹಾಗೆ ನೋವು ನಿಂತಿತು. ಕಡಿಮೆಯಾಗಲಿಲ್ಲ, ನಿಂತೇಹೋಯಿತು.

“ನೋಡಿದ್ರಾ ಅಜ್ಜಿ? ಇಂಜೆಕ್ಷನ್ ಅಂದ್ರೆ ಇದು,” ಎಂದು ಪದ್ಮಾಕರ ಡಾಕ್ಟರು ಕೈ ಒರೆಸಿಕೊಂಡರು.

ನಾನು ಸೀರೆ ಸರಿಮಾಡಿಕೊಂಡು, ಇನ್ನು ಊಟಕ್ಕೆ ಹೋಗುವುದೇ ಸರಿ ಎಂದು ಬಾಗಿಲಿಗೆ ಬಂದೆ. ಬಾಗಿಲ ಪಕ್ಕದ ಮೇಜಿನಲ್ಲಿ ಶಾಹಿದಾ ಡಾಕ್ಟರು ಯಾರದೋ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ತಲೆಯೆತ್ತಿ, “ಅಜ್ಜಿ, ನಿಲ್ಲಿ. ಆಗಲೇ ಅಷ್ಟು ನರಳ್ತಿದ್ರಲ್ಲ. ನೋವು ಹೇಗೆ ಹೋಯ್ತು? ನಿಧಾನಕ್ಕಾ, ಒಂದೇ ಸಲಾನಾ?” ಅಂದರು.

“ಒಂದೇ ಸಲ ಕಣವ್ವ. ಚಿಟಿಕೆ ಹೊಡ್ದಂಗೆ.”

“ಅದಕ್ಕೆ ಮುಂಚೆ ಎಲ್ಲಿತ್ತು?”

ಬಲಗಡೆ ಕೆಳಗೆ ತೋರಿಸಿದೆ. ಅವರ ಕೈಯಲ್ಲಿದ್ದ ಪಟ್ಟಿ ಅಲ್ಲೇ ನಿಂತಿತು. “ಇದು ಯಾರ ನೋವು?” ಅಂದರು.

ಅಬ್ಬಾ, ಕೇಳಿದರಲ್ಲ! ನಾನು ಚಪ್ಪಾಳೆ ತಟ್ಟಿ, “ಗೆದ್ದೆ ಕಣವ್ವ! ನಪಾಸಾದೋಳೇ ಗೆದ್ದೆ! ಮೇಡಂ, ಬರ್ಕೊಳಿ!” ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಾಹಿದಾ ಡಾಕ್ಟರು ನಗಲಿಲ್ಲ.

“ಯಾರದು ಅಂತ ಕೇಳಿದೆ. ಎಲ್ಲಿದಾರೆ ಅವರು?”

“ನಮ್ ಮುದ್ದಯ್ಯಂದು. ಹಿಂದುಗಡೆ ಹುಳಿ ಕುದಿಸ್ತಾವ್ನೆ. ಯಾಕವ್ವ? ನೋವು ಹೋಯ್ತಲ್ಲ, ಒಳ್ಳೇದಲ್ವಾ?”

“ಒಳ್ಳೇದಲ್ಲ ಅಜ್ಜಿ. ಕರುಳಿನ ತುದಿ ಬಾತುಕೊಂಡು ಒಡೆದುಹೋದಾಗ ಹೀಗೆ ಒಂದೇ ಸಲ ನಿಲ್ಲತ್ತೆ. ಆಮೇಲೆ ಹೊಟ್ಟೆಯೆಲ್ಲಾ ವಿಷ,” ಅನ್ನುತ್ತಾ ಅವರು ಓಡಿದರು. ನಾನೂ ಓಡಿದೆ. ಓಡಿದೆ ಅಂದರೆ ನನ್ನ ಮದುವೆಯಾದ ಮೇಲೆ ಅದೇ ಮೊದಲು.

ಮುದ್ದಯ್ಯ ಕೊಪ್ಪರಿಗೆಯ ಮುಂದೆ ನಿಂತು ಹುಳಿ ರುಚಿ ನೋಡುತ್ತಿದ್ದ. ಮುಖದ ತುಂಬಾ ನಗು, ಮೈಯ ತುಂಬಾ ಬೆವರು. ಒಲೆಯ ಮುಂದಿನ ಬೆವರು ಬಿಸಿ ಇರುತ್ತದೆ. ಮುಟ್ಟಿದರೆ ಅವನ ತೋಳು ಮಡಕೆಯ ನೀರಿನ ಹಾಗೆ ತಣ್ಣಗಿತ್ತು. ಶಾಹಿದಾ ಡಾಕ್ಟರು ಅವನ ಹೊಟ್ಟೆಯ ಮೇಲೆ ಕೈಯಿಟ್ಟರು.

“ಹಲಗೆ ಇದ್ದಂಗಿದೆ,” ಅಂದರು ತಮಗೆ ತಾವೇ. “ಮುದ್ದಯ್ಯನೋರೇ, ಮಲಗಿ. ಆಪರೇಷನ್ ಆಗ್ಬೇಕು. ಈಗಲೇ.”

“ಯಾರ್ಗೆ? ನಂಗಾ? ನಾನು ಗುಂಡುಕಲ್ಲು ಇದ್ದಂಗಿವ್ನಿ ಕಣವ್ವ. ಒಗ್ಗರಣೆ ಒಂದು ಬಾಕಿ ಐತೆ. ಇನ್ನೂರು ಜನ ಉಣ್ಬೇಕು.”

“ಮುದ್ದಾ, ಮಲ್ಕೋ,” ಅಂದೆ.

“ನೀನೂ ಸುರು ಹಚ್ಕಂಡ್ಯಾ ಅತ್ಗೆ? ನೋಡು, ಕುಣಿದು ತೋರ್ಸ್ಲಾ?” ಎಂದು ನಿಜವಾಗಿಯೂ ಎರಡು ಹೆಜ್ಜೆ ಕುಣಿದ. ಕುಣಿದವನು ಮೂರನೇ ಹೆಜ್ಜೆಗೆ ಕುಸಿದು ಸೌಟಿನ ಸಮೇತ ಸೌದೆಯ ಮೇಲೆ ಕೂತ. ಆಗಲೂ ನಗುತ್ತಲೇ ಇದ್ದ. ಪುಣ್ಯದ ಸಾವುಗಳೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಎಲೆ ಹಾಕಿಕೊಂಡು ಕೂತ ಹಾಗಾಯಿತು.

ಅಷ್ಟರಲ್ಲಿ ಗಲಾಟೆ ಕೇಳಿ ಪದ್ಮಾಕರ ಡಾಕ್ಟರು ಬಂದರು. “ಏನಿದು ಶಾಹಿದಾ, ಸಾಲು ಬಿಟ್ಟು?” ಎಂದು ಗದರುತ್ತಲೇ ಬಂದವರು, ಮುದ್ದಯ್ಯನ ಹೊಟ್ಟೆಗೆ ಕೈಯಿಟ್ಟರು. ಕೈ ತೆಗೆಯಲಿಲ್ಲ. ಅವರ ಮುಖದಿಂದ ನೂರು ಅಂಕವೂ ಒಂದೊಂದಾಗಿ ಉದುರಿದ್ದನ್ನು ನಾನು ನೋಡಿದೆ. ಆಮೇಲೆ ಅವರು ಒಂದು ಗಳಿಗೆಯನ್ನೂ ಹಾಳುಮಾಡಲಿಲ್ಲ, ಅದನ್ನು ಹೇಳಲೇಬೇಕು. ಪಾತ್ರೆ ಸಾಗಿಸುವ ತಳ್ಳುಗಾಡಿಯ ಮೇಲೆ ಅವನನ್ನು ಹಾಕಿಸಿ, ತಾವೇ ಒಂದು ಕಡೆ ಹಿಡಿದು ತಳ್ಳಿದರು. “ನಾನೇ ಕೊಯ್ತೀನಿ. ನೀನು ಜೊತೆಗೆ ನಿಲ್ಲು,” ಎಂದು ಶಾಹಿದಾ ಡಾಕ್ಟರಿಗೆ ಹೇಳಿದ್ದು ಕೇಳಿಸಿತು.

ಗಾಡಿ ಒಳಗೆ ಹೋಗುತ್ತಿದ್ದ ಹಾಗೆ ನೋವು ನನಗೆ ತಿರುಗಿ ಬಂತು. ಈ ಸಲ ಒಂದು ಕಡೆಯಲ್ಲ, ಇಡೀ ಹೊಟ್ಟೆಗೆ ಯಾರೋ ಕೆಂಡ ಸುರಿದ ಹಾಗೆ. ಜಗಲಿಯ ಮೇಲೆ ಉರುಳಿದೆ. ಸುಕನ್ಯಾ ಮೇಡಂ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ನನಗೆ ಕೊಡಿ ಅಜ್ಜಿ, ಸ್ವಲ್ಪ ಹೊತ್ತು,” ಎಂದು ಹೆಬ್ಬೆರಳು ಚಾಚಿದರು. ಕೊಡಲಿಲ್ಲ. ನನ್ನ ಮೈದುನನದು, ಹಾದಿಹೋಕರಿಗೆಲ್ಲ ಹಂಚುವುದಕ್ಕೆ ಅದೇನು ಪುರಿಗಡಲೆಯೇ? ಒಳಗೆ ಅವನಿಗೆ ಮತ್ತು ಬರುವ ಔಷಧಿ ಕೊಟ್ಟ ಮೇಲೆ ನೋವು ಮಲಗಿತು. ಆಗ ನಾನು ಅತ್ತುಬಿಟ್ಟೆ.

ಊಟದ ಹೊತ್ತಿಗೆ ಸಮಾರಂಭಕ್ಕೆ ಬಂದವರೆಲ್ಲ ಒಗ್ಗರಣೆಯಿಲ್ಲದ ಹುಳಿ ತಿಂದು, ಬಹಳ ಚೆನ್ನಾಗಿದೆ ಎಂದು ಬರೆದುಕೊಟ್ಟು ಹೋದರಂತೆ.

ಸಂಜೆ ಪದ್ಮಾಕರ ಡಾಕ್ಟರು ಹೊರಗೆ ಬಂದು, ಮೇಡಂ ಪಕ್ಕ ಜಗಲಿಯ ಮೇಲೇ ಕೂತರು. “ಬದುಕಿದಾರೆ. ಆದರೆ ನಾಲ್ಕೈದು ದಿನ ಏನೂ ಹೇಳೋಕಾಗಲ್ಲ,” ಅಂದರು. ಆಮೇಲೆ, “ಪ್ರಶ್ನೆ ನನಗೆ ಗೊತ್ತಿತ್ತು ಮೇಡಂ. ಮೊದಲ ವಾರ ಕೇಳಿದೆ ಕೂಡ. ಕೇಳಿದರೆ ನೋವಿನ ಯಜಮಾನರು ಎಲ್ಲೋ ಮೂರು ಮೈಲಿ ಆಚೆ. ಹೋಗೋಕೆ ಜೀಪಿಲ್ಲ, ಕರೆಸೋಕೆ ಆಳಿಲ್ಲ. ಆಮೇಲೆ ಕೇಳೋದು ಬಿಟ್ಟೆ. ಇವತ್ತು ಯಜಮಾನರು ನಲವತ್ತು ಹೆಜ್ಜೆ ದೂರದಲ್ಲಿದ್ದರು,” ಅಂದರು.

ಮೇಡಂ ತಮ್ಮ ಕಾಗದ ಮಡಚಿ, “ಇದನ್ನ ಹೇಳ್ಬೇಕಿತ್ತು ಸಾರ್ ನೀವು. ಕುರ್ಚಿ ಚೆನ್ನಾಗಿತ್ತು ಅಂತಲ್ಲ,” ಅಂದರು. ಆ ಹೆಂಗಸಿನ ನಾಲಿಗೆಗೆ ನನ್ನ ನಾಲಿಗೆಯ ಗುಣ ಸ್ವಲ್ಪ ತಗುಲಿತ್ತು ಎಂದು ನನಗೆ ಹೆಮ್ಮೆಯಾಯಿತು. ಮಾರನೆಯ ದಿನ ಅವರು ಬರೆದ ವರದಿಯನ್ನು ನನಗೂ ಓದಿ ಹೇಳಿದರು. ಕಾಗದದ ಮೇಲೆ ಹತ್ತು ಜನ ಪಾಸು, ಮಂಚದ ಪಕ್ಕದಲ್ಲಿ ನಾಲ್ವರಲ್ಲಿ ಒಬ್ಬರು. ಒಂದು ಜೀಪು, ಕರೆತರಲು ಇಬ್ಬರು ಆಳು ಬೇಕು. ಮೂರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಬಂದು ಹೀಗೆಯೇ ನೋಡಬೇಕು. ಇಂಥದ್ದನ್ನೆಲ್ಲ ಎರಡನೇ ಕ್ಲಾಸಿನವರೂ ಹೇಳಬಹುದು ಅಂದೆ. “ಹೌದಜ್ಜಿ, ಆದರೆ ಯಾರೂ ಕೇಳಿರಲಿಲ್ಲ,” ಅಂದರು.

ಮುದ್ದಯ್ಯನಿಗೆ ಎಚ್ಚರವಾದ ಮೇಲೆ ನೋವೂ ಎಚ್ಚರವಾಯಿತು, ನನ್ನ ಮೈಯಲ್ಲಿ. ಅವನು ಮಂಚದಿಂದ ಕಾಲಿಳಿಸಿ, “ಪಾತ್ರೆ ಎಲ್ಲ ತೊಳ್ದವ್ರಾ?” ಎಂದು ಕೇಳಿದ. ಹೊಲಿಗೆ ಹಾಕಿದ ಹೊಟ್ಟೆ ಹೊತ್ತುಕೊಂಡು ಎದ್ದೇಬಿಡುತ್ತಿದ್ದ, ನರ್ಸು ಹಿಡಿದುಕೊಂಡಳು. ಶಾಹಿದಾ ಡಾಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ, “ಅಜ್ಜಿ, ನೋವು ಅವರಿಗೆ ವಾಪಸ್ ಕೊಟ್ಟುಬಿಡಿ,” ಅಂದರು.

“ಏನವ್ವ ನೀನು? ಹೊಟ್ಟೆ ಕೊಯ್ಸ್ಕೊಂಡೋನ್ಗೆ? ನಾನಿದೀನಲ್ಲ, ಹೊತ್ಕೋತೀನಿ. ಎಲ್ಲಿ ನೋಯ್ತದೆ ಅಂತ ನಾನೇ ಹೇಳ್ತೀನಿ.”

“ನಿಮಗೆ ಇರುವೆ ಕಚ್ಚಿದ್ರೆ ಆನೆ ತುಳೀತು ಅಂತೀರಿ. ನಾನು ಅದರಲ್ಲಿ ಇರುವೆ ಯಾವುದು, ಆನೆ ಯಾವುದು ಅಂತ ಹುಡುಕ್ತಾ ಕೂತ್ಕೊಳ್ಳಕ್ಕಾಗಲ್ಲ. ನೋವಿಲ್ದೇ ಇದ್ರೆ ಅವರು ಮಲಗಲ್ಲ. ಒಳಗೆ ಮತ್ತೆ ಕೀವು ಕಟ್ಟಿದ್ರೆ ಅವರ ಮೈಯೇ ನನಗೆ ಹೇಳ್ಬೇಕು. ತಡಕೊಳ್ಳೋಕೆ ಔಷಧಿ ಕೊಡ್ತೀನಿ, ಪೂರ್ತಿ ಹೋಗಿಸಲ್ಲ.”

ಮಂಚದ ಪಕ್ಕ ಕೂತು ಹೆಬ್ಬೆರಳು ಮುಂದೆ ಮಾಡಿದೆ. ನಲವತ್ತೆಂಟು ವರ್ಷದಲ್ಲಿ ಅವನ ಮುಂದೆ ನಾನು ಹಾಗೆ ಬೆರಳು ಚಾಚಿದ್ದು ಕಡಿಮೆ. ಸಣ್ಣಪುಟ್ಟ ನೋವುಗಳನ್ನು ವಾಪಸ್ ಕೊಡುವುದಕ್ಕೆ ಮರೆತವಳ ಹಾಗೆ ನಾನೇ ಇಟ್ಟುಕೊಂಡುಬಿಡುತ್ತಿದ್ದೆ.

“ತಗೋ,” ಅಂದೆ.

ಅವನು ಕೈ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡ. “ಬ್ಯಾಡ ಅತ್ಗೆ.”

“ಇಸ್ಕೊಳೋ. ನಿನ್ ವಸ್ತು.”

“ನಂಗೆ ಹೊರೋಕ್ ಬರಾಕಿಲ್ಲ.”

“ನಲವತ್ತು ಸೇರು ಅಕ್ಕಿ ಒಂದೇ ಕೈಲಿ ಎತ್ತೋನು ಅಂತ ಊರೆಲ್ಲ ಹೇಳ್ಕಂಡ್ ತಿರುಗ್ತೀಯಾ. ಮುದುಕಿ ಹೊರೋದು ನಿಂಗ್ ಹೊರಕ್ಕಾಗಾಕಿಲ್ವಾ? ತಗೋ ಮುದ್ದಾ. ನೀನ್ ಸತ್ರೆ ನಾನ್ ಯಾರನ್ನ ಬೈಲಿ?”

ಅವನ ಹೆಬ್ಬೆರಳು ಹೊರಗೆ ಬಂತು. ಕಣ್ಣು ಮುಚ್ಚಿಕೊಂಡು, ಕೇಳಿಸದಷ್ಟು ಮೆಲ್ಲಗೆ, “ತಾ” ಅಂದ.

ಅವನ ಮುಖವನ್ನು ವರ್ಣಿಸುವುದಿಲ್ಲ. ಇಷ್ಟು ಹೊತ್ತು ಬೇಕಾದಷ್ಟು ಉಪ್ಪುಖಾರ ಹಚ್ಚಿದ್ದೇನೆ, ಇದಕ್ಕೆ ಹಚ್ಚುವುದಿಲ್ಲ. ಮೂರು ದಿನ ಅವನು ಮಗುವಿನ ಹಾಗೆ ಅತ್ತ. ಮತ್ತೆ ಮತ್ತೆ ನನ್ನ ಕಡೆ ಬೆರಳು ಚಾಚಿದ. ನಾನು ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಗೋಡೆ ನೋಡುತ್ತಾ ಕೂತೆ. ಒಂದು ಲಕ್ಷ ನೋವು ಹೊತ್ತಿದ್ದೇನೆ ಅಂದೆನಲ್ಲ, ಹೊರದೆ ಕೂತ ಆ ಮೂರು ದಿನದ ಭಾರ ಬೇರೆ.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಮೈ ಕಾದಿತ್ತು. ಶಾಹಿದಾ ಡಾಕ್ಟರು ಹೊದಿಕೆ ಸರಿಸಿ, “ಎಲ್ಲಿ ನೋಯ್ತಾ ಇದೆ?” ಅಂದರು.

“ಅತ್ಗೇನ ಕೇಳಿ,” ಅಂದ, ಅಭ್ಯಾಸ.

“ಅತ್ತಿಗೆ ಹತ್ರ ಈಗ ಏನೂ ಇಲ್ಲ. ನೀವೇ ಹೇಳಿ.”

ಅವನು ತನ್ನ ಹೊಟ್ಟೆಯ ಮೇಲೆ ಬೆರಳಿಟ್ಟು, ಹೊಸ ಊರಿನಲ್ಲಿ ಮನೆ ಹುಡುಕುವವನ ಹಾಗೆ ಅಲ್ಲಿ ಇಲ್ಲಿ ತಡವಿದ. ಮೇಲೆ ಅಲ್ಲ ಅಂದ. ಈ ಕಡೆ ಅಲ್ಲ ಅಂದ. ಬೆರಳು ನಿಧಾನವಾಗಿ ಹೊಲಿಗೆಯ ಕೆಳತುದಿಗೆ ಬಂದು ನಿಂತಿತು.

“ಇಲ್ಲಿ. ಇಲ್ಲಿ ಮುಟ್ಟಿದ್ರೆ ಸಾಯ್ತೀನಿ.”

ಡಾಕ್ಟರು ಅಲ್ಲಿ ಮುಟ್ಟಿದರು. ಅವನು ಕೂಗಿದ ಕೂಗಿಗೆ ಪದ್ಮಾಕರ ಡಾಕ್ಟರು ತಮ್ಮ ಸಾಲು ಬಿಟ್ಟು ಬಂದರು. ನನ್ನನ್ನು ಹೊರಗೆ ಕಳುಹಿಸಿ, ಅಲ್ಲಿಯೇ ಎರಡು ಹೊಲಿಗೆ ಬಿಚ್ಚಿ, ಒಂದು ಬಟ್ಟಲು ಕೀವು ತೆಗೆದರು. ಒಂದು ಬಟ್ಟಲೇ, ನಾನು ಹೆಚ್ಚು ಹೇಳುತ್ತಿಲ್ಲ. ಇನ್ನೊಂದು ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಅವರೇ ಹೇಳಿದರು. ಒಳಗಿನಿಂದ ಮುದ್ದಯ್ಯ ಡಾಕ್ಟರುಗಳನ್ನೂ, ಅವರ ತರಬೇತಿಯನ್ನೂ, ನನ್ನನ್ನೂ, ತೀರಿಹೋದ ನನ್ನ ಗಂಡನನ್ನೂ ಸೇರಿಸಿ ಬಯ್ಯುತ್ತಿದ್ದ. ಧ್ವನಿ ಗಟ್ಟಿಯಾಗಿತ್ತು. ನಾನು ಜಗಲಿಯ ಮೇಲೆ ಕಾಲು ಚಾಚಿ ಕೂತು, ನಾಲ್ಕು ದಿನದ ಮೇಲೆ ಮೊದಲ ಸಲ ಎಲೆಗೆ ಸುಣ್ಣ ಹಚ್ಚಿದೆ.